ಕೂರುವ ಕೆಲಸ

ಮಾವ "ಚೆನ್ನಾಗಿದೆ" ಎಂದಾಗಲೇ ಸೊಸೆಯ ಎದೆ ಧಸಕ್ಕೆಂದಿತ್ತು.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮಗ ಕುರ್ಚಿ ಮಾಡುತ್ತಾನೆ, ಸೊಸೆ ಅದಕ್ಕೆ ಬಣ್ಣ ಬಳಿದು ಹೂಬಳ್ಳಿ ಬಿಡಿಸುತ್ತಾಳೆ. ಕುಂಚ ಹಿಡಿಯಲು ಕಲಿಸಿದವರು ಮಾವನೇ. ಕಲಿಸಿದರು ಅನ್ನುವುದಕ್ಕಿಂತ ಬೈದರು ಅನ್ನುವುದೇ ಸರಿ. ಗುಲಾಬಿ ಬಿಡಿಸಿದರೆ "ಇದೇನು, ಈರುಳ್ಳಿಯಾ?" ಗಿಣಿ ಬಿಡಿಸಿದರೆ "ಪಾಪ, ಇದಕ್ಕೆ ಹುಷಾರಿಲ್ವಾ?" ಹೊಸದರಲ್ಲಿ ಅವಳು ಅಡುಗೆಮನೆಗೆ ಹೋಗಿ ಅತ್ತದ್ದುಂಟು. ಬರಬರುತ್ತ ಬೈಗುಳ ಬೀಳದೆ ಕೆಲಸ ಮುಗಿಯಿತೆಂದೇ ಅನಿಸುತ್ತಿರಲಿಲ್ಲ.

ಅಂಥ ಮನುಷ್ಯ ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನಾಲಿಗೆಗೆ ಏನೂ ಆಗಿರಲಿಲ್ಲ, ಅದನ್ನೂ ಮೂಲೆಗಿಟ್ಟರು ಅಷ್ಟೆ. ಎದ್ದು ಕೂರಬೇಕು, ಕೈ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಇರುವ ಶಕ್ತಿಯೂ ಹೋಗುತ್ತದೆ ಎಂದು ಡಾಕ್ಟರು ಒತ್ತಿ ಹೇಳಿ, ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಮಾವ ಅದನ್ನು ಎಡಗೈಯಿಂದ ಕಿಟಕಿಯಾಚೆ ಎಸೆದರು. "ಆ ಕೈಗಾದ್ರೂ ವ್ಯಾಯಾಮ ಆಯ್ತಲ್ಲ" ಎಂದ ಮಗ. ಯಾರಿಗೂ ನಗು ಬರಲಿಲ್ಲ.

ಈ ನಡುವೆ ಪಕ್ಕದ ಬೀದಿಯ ಟೀಚರಮ್ಮ ಒಂದು ಕುರ್ಚಿ ಮಾಡಿಸಿದರು. ಅವರ ಅಜ್ಜಿಯ ಕಾಲದ ನಾಲ್ಕು ಹಸಿರು ಕುರ್ಚಿಗಳಲ್ಲಿ ಒಂದು ಮುರಿದಿತ್ತು, ಅದರ ಜಾಗಕ್ಕೆ ಇದು. ಒರಗುವ ಹಲಗೆಯ ಮೇಲೆ ಕೆಂಪು ಹೂಗೊಂಚಲು, ಕುರ್ಚಿಯ ಕೈಗಳ ಮೇಲೆ ಎಳೆಬಳ್ಳಿ. ಎಲ್ಲವನ್ನೂ ಇದ್ದ ಹಾಗೇ ಬಿಡಿಸಿ ಸೊಸೆ ಮಾವನಿಗೆ ತೋರಿಸಿದಳು. ಅವರು ಅರ್ಧ ಕತ್ತು ತಿರುಗಿಸಿ "ಚೆನ್ನಾಗಿದೆ" ಎಂದು ಮತ್ತೆ ಗೋಡೆ ನೋಡಿದರು. ಮಾವ ಇನ್ನು ನಮ್ಮನ್ನು ಬಿಟ್ಟೇಬಿಟ್ಟರು ಎಂದು ಅವಳಿಗೆ ಅನಿಸಿದ್ದು ಆಗಲೇ. ಅವರನ್ನು ಹೇಗಾದರೂ ಎಬ್ಬಿಸಬೇಕಿತ್ತು. ಹೇಗೆ ಎಂಬುದೇ ತೋಚಲಿಲ್ಲ.

ವಾರದೊಳಗೆ ಟೀಚರಮ್ಮ ಕುರ್ಚಿ ಹೊರಿಸಿಕೊಂಡು ವಾಪಸ್ ಬಂದರು. ಜೊತೆಗೆ ಮಾದರಿಗೆಂದು ಹಳೆಯದೊಂದನ್ನೂ ತಂದಿದ್ದರು.

"ನೋಡಮ್ಮಾ, ಕೆಲಸದಲ್ಲಿ ಕುಂದಿಲ್ಲ. ಆದ್ರೆ ಆ ಮೂರರ ಪಕ್ಕ ಇದು ಹೊಸ ಅಳಿಯನ ಹಾಗೆ ಸೆಟೆದುಕೊಂಡಿದೆ. ಮನೇಲಿ ಒಬ್ರೂ ಇದರ ಮೇಲೆ ಕೂರಲ್ಲ ಅಂತಾರೆ. ಸ್ವಲ್ಪ ಹಳೇದು ಮಾಡ್ಕೊಡು."

ಹೊಸದು ಮಾಡಿಕೊಡಿ ಎನ್ನುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಇದು ಬೇರೆ ತಲೆನೋವು. ಒಂದು ಚೂರು ಹಲಗೆಗೆ ಬಣ್ಣ ಹಚ್ಚಿ, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ ನೋಡಿದಳು. ಬೆಕ್ಕು ಪರಚಿದ ಹಾಗಾಯಿತು. ಹಳೆಯ ಕುರ್ಚಿಯ ಕೈಯೋ ಸವೆದು ನುಣುಪಾಗಿತ್ತು, ಬಳ್ಳಿ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದೇ ತಿಳಿಯುತ್ತಿರಲಿಲ್ಲ.

ಅದೇ ಯೋಚನೆಯಲ್ಲಿ ಮಾವನಿಗೆ ಕಾಫಿ ಕೊಡಲು ಹೋದವಳ ಕಣ್ಣು ಮಂಚದ ಅಂಚಿನ ಮೇಲೆ ಬಿತ್ತು. ಮಗ್ಗುಲು ಬದಲಿಸಲು ಮಾವ ಎಡಗೈಯಿಂದ ಹಿಡಿಯುತ್ತಿದ್ದ ಜಾಗ ಪಾಲಿಶ್ ಹಾಕಿದಂತೆ ಮಿನುಗುತ್ತಿತ್ತು.

ಅವಳು ಹೊಸ ಕುರ್ಚಿಯನ್ನು ಎಳೆದು ತಂದು ಮಂಚದ ಪಕ್ಕ ಇಟ್ಟಳು.

"ಮಾವ, ನಿಮಗೊಂದು ಕೆಲಸ ಇದೆ. ಇದರ ಮೇಲೆ ಕೂರ್ಬೇಕು."

"ಕೂತು?"

"ಕೂತು ಇದರ ಕೈ ಉಜ್ತಾ ಇರಿ. ಸವೀಬೇಕು. ನನ್ನಿಂದ ಆಗ್ತಿಲ್ಲ."

ಮಾವ ಅವಳನ್ನೇ ದಿಟ್ಟಿಸಿದರು. "ನನ್ನನ್ನ ಉಪ್ಪುಕಾಗದ ಮಾಡ್ಕೊಂಡ್ಯಾ?"

"ಬೇಡ ಅಂದ್ರೆ ಬಿಡಿ. ಟೀಚರಮ್ಮಂಗೆ ಆಗಲ್ಲ ಅಂತ ಹೇಳಿಬಿಡ್ತೀನಿ."

ಈ ಅಂಗಡಿಯಲ್ಲಿ ಆಗಲ್ಲ ಎಂದು ಯಾರಿಗೂ ಹೇಳಿದ್ದಿಲ್ಲ. ಮಾವ ಮೂಗು ಮುರಿದರು, ಗೊಣಗಿದರು, ಕೊನೆಗೆ ಎಡಗೈ ಚಾಚಿದರು. ಮಗನೂ ಸೊಸೆಯೂ ಸೇರಿ ಅವರನ್ನು ಎಬ್ಬಿಸಿ ಕೂರಿಸಿದರು.

ದಿನಗಳು ಉರುಳಿದವು. ಮಾವ ಬೆಳಗ್ಗೆ ಡ್ಯೂಟಿಗೆ ಹೋಗುವವರ ಹಾಗೆ ತಲೆ ಬಾಚಿಕೊಂಡು ಕುರ್ಚಿ ಏರುತ್ತಿದ್ದರು. ಅಂಗೈಗೆ ಒಂದು ತೊಟ್ಟು ಎಣ್ಣೆ ಕೇಳಿ ಪಡೆದು ಉಜ್ಜುತ್ತಿದ್ದರು. ಕುರ್ಚಿಯ ಎಡಗೈ ಮೇಲಿನ ಬಳ್ಳಿ ಮೆಲ್ಲಗೆ ಮಾಸತೊಡಗಿತು. ಅದರ ಬಲಗೈ ಮಾತ್ರ ಮೊನ್ನೆ ಬಿಡಿಸಿದ ಹಾಗೇ ಫಳಫಳ. ಸೊಸೆ ಮಾದರಿಯ ಕುರ್ಚಿಯನ್ನು ತಂದು ಮಾವನ ಎದುರಿಗಿಟ್ಟಳು.

ಮಾವ ನೋಡಿದರು. ಹಳೆಯದರಲ್ಲಿ ಸವೆದದ್ದು ಬಲಗೈಯೇ ಹೆಚ್ಚು.

"ಬೇಕಂತಲೇ ಮಾಡಿದ್ಯಾ?" ಎಂದರು.

"ನಾನೇನು ಮಾಡ್ಲಿ ಮಾವ? ಅವರಜ್ಜಿ ಮನೆಯೋರು ಹಾಗೇ ಕೂತಿದ್ರು."

ಎಡಗೈಯಿಂದ ಬಲಗೈಯನ್ನು ಎತ್ತಿ, ಸಾಮಾನು ಇಡುವಂತೆ ಮಾವ ಕುರ್ಚಿಯ ಕೈ ಮೇಲೆ ಇಟ್ಟರು. ಮೊದಲು ಭುಜವೇ ಎಳೆಯುತ್ತಿತ್ತು. ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು. ಹಲ್ಲು ಕಚ್ಚಿ ಟೀಚರಮ್ಮನ ಇಡೀ ವಂಶಕ್ಕೆ ಶಾಪ ಹಾಕುತ್ತ ಉಜ್ಜಿದರು. ಒಂದು ದಿನ ನೆಲ ಒರೆಸುತ್ತಿದ್ದ ಸೊಸೆ ತಲೆ ಎತ್ತಿದರೆ, ಮಾವನ ತೋರುಬೆರಳು ತಾನೇತಾನಾಗಿ ಬಳ್ಳಿಯ ತಿರುವಿನಲ್ಲಿ ಹೋಗಿ ಬರುತ್ತಿತ್ತು. ಅವಳು ಮತ್ತೆ ನೆಲ ಒರೆಸಿದಳು. ಒರೆಸಿದ ಜಾಗವನ್ನೇ ಒರೆಸಿದಳು.

ಟೀಚರಮ್ಮ ಬಂದ ದಿನ ಮಾವ ಒಂದು ಕೈ ಮಗನ ಭುಜದ ಮೇಲಿಟ್ಟು, ಕಾಲೆಳೆದುಕೊಂಡು ಅಂಗಡಿಗೇ ಬಂದರು. ತಮ್ಮ ಕೆಲಸವನ್ನು ತಾವೇ ಒಪ್ಪಿಸಬೇಕಂತೆ. ಟೀಚರಮ್ಮ ಕುರ್ಚಿಯಲ್ಲಿ ಕೂತು ಕೈ ಸವರಿ, "ಅಯ್ಯೋ, ಇದು ನಮ್ಮನೇದೇ!" ಎಂದರು. ಎರಡೂ ಕುರ್ಚಿ ವ್ಯಾನು ಏರಿ ಹೊರಟುಹೋದವು.

ಮಾವ ಗೋಡೆ ಹಿಡಿದು ನಿಂತೇ ಇದ್ದರು. "ನಾಳೆಯಿಂದ ನಾನೆಲ್ಲಿ ಕೂರ್ಲಿ?"

ಸೊಸೆ ಮೂಲೆಯಿಂದ ಒಂದು ಗಿಡ್ಡ ಸ್ಟೂಲನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳಿದಳು. ಬಣ್ಣದ ಕಲೆಗಳಿಂದ ತುಂಬಿದ್ದ, ಮಾವ ಬಿಟ್ಟರೆ ಬೇರೆ ಯಾರೂ ಕೂರದ ಸ್ಟೂಲು. "ಇದನ್ನ ನೀವು ಆಗಲೇ ಸವೆಸಿ ಇಟ್ಟಿದ್ದೀರಲ್ಲ, ಮಾವ."

ಮಾವ ಮಗನ ಕೈ ಹಿಡಿದು ಮೆಲ್ಲಗೆ ಕೂತರು. ಎದುರಿಗೆ ಅವಳು ಬೆಳಗ್ಗೆ ಬಿಡಿಸಿದ್ದ ಕುರ್ಚಿ, ಹೂವು ಇನ್ನೂ ಹಸಿಯಾಗಿತ್ತು. ಅವರು ಬಗ್ಗಿ ನೋಡಿದರು, ಹುಬ್ಬು ಗಂಟಿಕ್ಕಿದರು. ನಡುಗುವ ಬಲಗೈ ಎದ್ದು ಆ ಹೂವಿನ ಕಡೆ ಬೆರಳು ಮಾಡಿತು.

"ಇದೇನು, ಎಲೆಕೋಸಾ?"

"ಹೌದು ಮಾವ" ಎಂದಳು ಸೊಸೆ, ಕಣ್ಣಲ್ಲಿ ನೀರು ತುಂಬಿಕೊಂಡು. ಬಟ್ಟೆ ತೆಗೆದುಕೊಂಡು ಹೂವನ್ನು ಪೂರ್ತಿ ಒರೆಸಿಹಾಕಿದಳು.