ಒಂಟಿಗೈಯ ತೂಕ

ಮೆರುವಾನನ ದೊಣ್ಣೆಯ ಮೊದಲ ಏಟು ಮೀನಿನ ಗಾಡಿಯ ಕನ್ನಡಿಗೆ ಬಿತ್ತು, ಎರಡನೆಯದು ಲಿಯಾಸನ ಕಿವಿಗೆ. ಗಾಡಿ ನಿಲ್ಲಿಸಿದ್ದಕ್ಕೆ ಕಪ್ಪ ಕೊಡುವುದಿಲ್ಲ ಎಂದದ್ದೇ ಲಿಯಾಸನ ಅಪರಾಧ. ಅಲ್ಜಿಯರ್ಸ್‌ನ ಬಾಬ್ ಎಲ್ ಊಯೆದ್ ಮೊಹಲ್ಲಾದಲ್ಲಿ ಕಡಲದಂಡೆಯ ರಸ್ತೆ ಸರಕಾರದ್ದೆಂದು ಕಾಗದ ಹೇಳುತ್ತದೆ. ದೊಣ್ಣೆ ಹಿಡಿದವನದೆಂದು ಊರು ಬಲ್ಲದು. ಲಿಯಾಸ್ ತಿರುಗಿ ಹೊಡೆದ. ಮೆರುವಾನನ ತುಟಿ ಸೀಳಿತು. ಆಗ ಮೆರುವಾನನೂ ಅವನ ನಾಲ್ವರು ಆಳುಗಳೂ ಲಿಯಾಸನನ್ನು ಎತ್ತಿ, ಕಡಲಗೋಡೆಯ ಕಟಾಂಜನದ ಆಚೆ ದಾಟಿಸಿ, ಬಂಡೆಗಳ ಮೇಲೆ ತೂಗುಬಿಟ್ಟರು. ಕಂಬಿ ಹಿಡಿದು ನೇತಾಡಬೇಕು, ಕ್ಷಮೆ ಕೇಳಿದರೆ ಎತ್ತುತ್ತಾರೆ. ಅದು ಅವರ ಶಿಕ್ಷೆಯ ಕ್ರಮ. ಕ್ಷಮೆ ಕೇಳುವುದು ಲಿಯಾಸನ ಜಾಯಮಾನದಲ್ಲಿರಲಿಲ್ಲ.

ಅಣ್ಣ ಜುಬೀರ್ ತನ್ನ ಬೆಸುಗೆ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ತಮ್ಮನ ಕೈ ಕಂಬಿಯಿಂದ ಜಾರಿತ್ತು. ಕೆಳಗೆ ಗೋಡೆಯಿಂದ ಚಾಚಿಕೊಂಡಿದ್ದ ತುಕ್ಕು ಹಿಡಿದ ಕೊಳವೆಯೊಂದಕ್ಕೆ ಅವನು ಜೋತುಬಿದ್ದಿದ್ದ. ಜುಬೀರ್ ಕಟಾಂಜನ ದಾಟಿ, ಎಡಗೈಯಲ್ಲಿ ಅದರ ಬುಡದ ಸರಳು ಹಿಡಿದು ಇಳಿಬಿದ್ದು, ಬಲಗೈಯಲ್ಲಿ ತಮ್ಮನ ಮಣಿಕಟ್ಟನ್ನು ಹಿಡಿದ. ಕೊಳವೆ ಕಿತ್ತು ಬಂತು. ಈಗ ಇಬ್ಬರ ಭಾರವೂ ಒಂದೇ ಎಡಗೈಯ ಮೇಲೆ. ಎಳೆದ, ಮೊಣಕೈ ಕೂದಲೆಳೆಯಷ್ಟೂ ಮಡಿಯಲಿಲ್ಲ. ಮೇಲೆ ಐದು ಮುಖಗಳು ಬಗ್ಗಿ ನೋಡುತ್ತಿದ್ದವು. ಲಿಯಾಸ್ ಏನನ್ನೋ ಹೇಳಿದ. ಅಲೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಜುಬೀರನ ಬಲಗೈ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬಂಡೆಗೆ ತಲೆ ತಾಗಿದ ಸದ್ದು ಮಾತ್ರ ಅಲೆಯನ್ನು ಮೀರಿ ಕೇಳಿಸಿತು.

ಆಮೇಲೆ ಓಡಿಬಂದ ದಾರಿಹೋಕರು ಜುಬೀರನನ್ನು ಮೇಲೆತ್ತಿದರು. ಲಿಯಾಸ್ ಕುಡಿದು ಜಾರಿಬಿದ್ದನೆಂದು ಪೊಲೀಸರ ಮುಂದೆ ಸಾಕ್ಷಿ ಹೇಳಿದವರು ಆ ಐವರೇ. ಮಣ್ಣು ಮುಗಿದ ಮೇಲೆ ಜುಬೀರ್ ಕಬ್ಬಿಣದ ಸಲಾಕೆ ಹಿಡಿದು ಮೆರುವಾನನನ್ನು ಹುಡುಕಿಕೊಂಡು ಹೋದ. ಮೆರುವಾನ್ ಓಡಲಿಲ್ಲ. ಕೊಲ್ಲುವವನೂ ಆ ಬೀದಿಯಲ್ಲಿ ‘ಖೂಯಾ’, ನನ್ನ ಸೋದರ, ಎಂದೇ ಮಾತು ಶುರು ಮಾಡುತ್ತಾನೆ.

“ನಾನು ಅವನನ್ನ ಕಂಬಿಗೆ ಬಿಟ್ಟೆ ಖೂಯಾ, ಬಂಡೆಗಲ್ಲ. ಕೈ ಬಿಟ್ಟೋನು ನೀನು. ಹೋಗು, ಆ ಸಲಾಕೆಯಿಂದ ನಿನ್ನ ಕೈಗೇ ಹೊಡ್ಕೋ.”

ಸಲಾಕೆ ಏಳಲಿಲ್ಲ. ಆ ಮಾತು ಸುಳ್ಳೆಂದು ಜುಬೀರನಿಗೆ ಅನಿಸಿದ್ದರೆ ಅಂದೇ ಒಂದು ತಲೆ ಒಡೆಯುತ್ತಿತ್ತು. ನಿಜವೆಂದೇ ಅನಿಸಿತು. ಅಂದಿನಿಂದ ಅವನು ಮನೆಯವರೆಲ್ಲ ಸೇರಿ ಉಣ್ಣುವ ಶುಕ್ರವಾರದ ಕುಸ್‌ಕುಸ್ ರವೆಯೂಟದ ತಟ್ಟೆಗೆ ತಾಯಿಯ ಎದುರು ಬಲಗೈ ಚಾಚಲಾರದವನಾದ. ಒಣ ರೊಟ್ಟಿ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಿದ್ದ. ತಾಯಿ ಏನನ್ನೂ ಕೇಳಲಿಲ್ಲ. ಕೇಳದಿರುವುದೇ ಅವನಿಗೆ ಏಟಾಗಿತ್ತು.

ಕಡಲಂಚಿನ ಬಯಲಿನಲ್ಲಿ ಹಳೆಯ ಹಡಗಿನ ಕೊಳವೆಗಳಿಂದ ಮಾಡಿದ ಕಸರತ್ತಿನ ಕಂಬಿಗಳಿದ್ದವು. ಅವನ್ನು ಬೆಸೆದುಕೊಟ್ಟವನು ಜುಬೀರನೇ, ಆದರೆ ನೇತಾಡಿ ಮೈಯನ್ನು ಮೇಲಕ್ಕೆಳೆದುಕೊಳ್ಳುವ ಪುಲ್‌ಅಪ್ ಒಂದೂ ಅವನಿಂದ ಆಗುತ್ತಿರಲಿಲ್ಲ. ಅಲ್ಲಿಯ ಯಜಮಾನ ಬೆಲಾಯಿದ್, ಬಂದರಿನಲ್ಲಿ ಮೂಟೆ ಹೊತ್ತು ಮುದಿಯಾದವನು. ಎಲ್ಲರೂ ಅವನನ್ನು ಶೇಖ್ ಎನ್ನುತ್ತಿದ್ದರು. ಆ ಮೊಹಲ್ಲಾದ ಹುಡುಗರ ಎಷ್ಟೋ ಜಗಳಗಳು ಅವನ ಮುಂದೆ ಕಂಬಿಯ ಮೇಲೆ ತೀರ್ಮಾನವಾಗುತ್ತಿದ್ದವು. ಗದ್ದ ಕಂಬಿ ದಾಟಬೇಕು, ಇಳಿದಾಗ ಮೊಣಕೈ ನೆಟ್ಟಗಾಗಬೇಕು. ಇಲ್ಲವಾದರೆ ಅವನು ‘ಅರ್ಧ’ ಎನ್ನುತ್ತಿದ್ದ. ಅವನ ಬಳಿ ಅರ್ಧ ಮತ್ತು ಅರ್ಧ ಸೇರಿ ಒಂದಾಗುತ್ತಿರಲಿಲ್ಲ.

“ಎಷ್ಟು ಎಳೀಬೇಕು ನಿಂಗೆ?” ಎಂದು ಕೇಳಿದ ಬೆಲಾಯಿದ್.

“ಮೆರುವಾನನಿಗಿಂತ ಒಂದು ಜಾಸ್ತಿ.”

“ಅವನು ಹದಿನೆಂಟು ಎಳೀತಾನೆ. ನಿಂದೆಷ್ಟು?”

“ಸೊನ್ನೆ.”

“ಹಾಗಾದ್ರೆ ಹತ್ತೋ ಆಸೆ ಬಿಡು. ಮೊದ್ಲು ಇಳಿಯೋದು ಕಲಿ.”

ಚಳಿಗಾಲವೆಲ್ಲ ಜುಬೀರ್ ಇಳಿಯುವುದನ್ನೇ ಕಲಿತ. ಪೆಟ್ಟಿಗೆಯ ಮೇಲೆ ನಿಂತು ಗದ್ದವನ್ನು ಕಂಬಿಗಿಂತ ಮೇಲಿಟ್ಟು, ಪೆಟ್ಟಿಗೆ ಒದ್ದು, ಮೈಯ ಭಾರವನ್ನು ಇಂಚಿಂಚಾಗಿ ಕೆಳಗೆ ಬಿಡುವುದು. ಏರಲಾಗದವನೂ ಇಳಿಯಬಲ್ಲ, ಇಳಿಯುವಾಗ ನರಗಳಿಗೆ ಬರುವ ಬಲವೇ ಮುಂದೆ ಏರಿಸುತ್ತದೆ. ಅಂಗೈಯ ಗುಳ್ಳೆಗಳು ಒಡೆದು ಕಂಬಿ ಜಾರಿದಾಗ ಬೆಲಾಯಿದ್ ಸತ್ತ ಚರ್ಮವನ್ನು ಬ್ಲೇಡಿನಿಂದ ಹೆರೆದು ಉಪ್ಪುನೀರು ಸುರಿಯುತ್ತಿದ್ದ. ಜುಬೀರ್ ಬಿಡುವಿಲ್ಲದೆ ಎಳೆದು ಮೊಣಕೈ ಊದಿಸಿಕೊಂಡ ದಿನ ಕೆನ್ನೆಗೆ ಬಾರಿಸಿದ. ಸುಮ್ಮನಿರುವ ದಿನವೂ ಅಭ್ಯಾಸದ ಲೆಕ್ಕಕ್ಕೇ ಸೇರುತ್ತದೆಂಬುದು ಅವನ ಶಾಸ್ತ್ರ. ಮೊದಲ ಪೂರ್ತಿ ಎಳೆತ ಬಂದ ಮೇಲೆ ಉಳಿದವು ತಡವಾಗಿಯಾದರೂ ಬಂದವು. ಆಮೇಲೆ ಸೊಂಟಕ್ಕೆ ಮರಳಿನ ಚೀಲ ಬಿತ್ತು. ಪ್ರತಿ ಎಳೆತದಲ್ಲೂ ಜುಬೀರನ ಬಲ ಅಂಗೈಯಲ್ಲಿ ಇರುತ್ತಿದ್ದದ್ದು ಕಂಬಿಯಲ್ಲ, ಒಂದು ಮಣಿಕಟ್ಟು.

ಸುದ್ದಿ ಮೆರುವಾನನಿಗೆ ಮುಟ್ಟಿತು. ಒಂದು ಸಂಜೆ ಅವನ ಆಳುಗಳಲ್ಲಿ ದೈತ್ಯನಂತಿದ್ದ ತಾಹರ್ ದೊಣ್ಣೆ ಹಿಡಿದು ಬಂದ. ಜುಬೀರ್ ನೇತಾಡುತ್ತಿದ್ದ. ತಾಹರ್ ಮಾತಾಡದೆ ಕಂಬಿಯ ಮೇಲಿದ್ದ ಬೆರಳುಗಳಿಗೇ ಬೀಸಿದ. ಎಡಗೈಯ ಕಿರುಬೆರಳು ಒಣಕಡ್ಡಿಯಂತೆ ಮುರಿಯಿತು. ಜುಬೀರ್ ಕೈ ಬಿಡಲಿಲ್ಲ. ಹಿಡಿದಿದ್ದ ಎಳೆತವನ್ನು ಮುಗಿಸಿ, ಗದ್ದ ದಾಟಿಸಿ, ನಿಧಾನವಾಗಿ ಇಳಿದು ನೆಲ ಮುಟ್ಟಿದ. ಅನಂತರ ತಾಹರ್‌ನ ಕೂದಲು ಹಿಡಿದು ಅವನ ಮುಖವನ್ನು ಕಂಬಕ್ಕೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಮರಳಿನ ಮೇಲೆ ಬಿದ್ದ ಹಲ್ಲುಗಳನ್ನು ತಾಹರ್ ಮಂಡಿಯೂರಿ ತಡಕುತ್ತಿದ್ದಾಗ ಬೆಲಾಯಿದ್ ಜುಬೀರನನ್ನು ಹಿಂದಕ್ಕೆಳೆದ.

“ಹಲ್ಲು ಉದುರಿಸೋಕೆ ಇಷ್ಟೆಲ್ಲ ಕಸರತ್ತು ಬೇಕಿತ್ತೇನೋ? ಕೈ ತೋರ್ಸು. ಬೆರಳು ಸೊಟ್ಟಗೆ ಕೂತ್ರೆ ಹಿಡಿತ ಹೋಗುತ್ತೆ.”

ಬೆರಳು ಕೂಡಿಕೊಂಡ ಮೇಲೆ ಜುಬೀರ್ ಕಾಫಿ ಅಂಗಡಿಯ ತುಂಬಿದ ಮಂದಿಯ ಮುಂದೆ ಮೆರುವಾನನನ್ನು ಕರೆದ. ಬಯಲಿನ ಕಂಬಿಗಲ್ಲ, ಕಡಲಗೋಡೆಯ ಕಟಾಂಜನಕ್ಕೆ. ಶುಕ್ರವಾರ ಮಧ್ಯಾಹ್ನ, ಮೊಹಲ್ಲಾವೆಲ್ಲ ಮಸೀದಿಯಲ್ಲಿದ್ದು ರಸ್ತೆ ಬರಿದಾಗಿರುವ ಹೊತ್ತಿಗೆ. ಷರತ್ತೇನೆಂದು ಯಾರೋ ಕೇಳಿದರು. ಸೋತವನು ಬೀಳುತ್ತಾನೆ, ಅದಕ್ಕಿಂತ ಬೇರೆ ಷರತ್ತು ಯಾಕೆ ಎಂದ ಜುಬೀರ್. ಇಲ್ಲವೆಂದರೆ ಮರುದಿನದಿಂದ ದೊಣ್ಣೆಗೆ ಬೆಲೆಯಿಲ್ಲ; ಮೆರುವಾನ್ ನಕ್ಕು ಒಪ್ಪಿದ.

ಇಬ್ಬರೂ ಅಂಗಿ ಕಳಚಿ, ಕಟಾಂಜನ ದಾಟಿ, ಬುಡದ ಸರಳಿಗೆ ಅಕ್ಕಪಕ್ಕ ಜೋತುಬಿದ್ದರು. ಕೆಳಗೆ ಅದೇ ಬಂಡೆ. ಮೇಲೆ ಎಣಿಸಲು ಬೆಲಾಯಿದ್. ಅವನ ಹಿಂದೆ ಹಲ್ಲಿಲ್ಲದ ತಾಹರ್ ಸೇರಿ ಆ ನಾಲ್ವರು.

ಮೊದಲ ಹತ್ತು ಸಮಸಮವಾಗಿ ನಡೆದವು. ಅನಂತರ ಮೆರುವಾನ್ ಒದೆಯತೊಡಗಿದ. ಇಳಿಯುವಾಗ ಮೊಣಕಾಲನ್ನು ಪಕ್ಕಕ್ಕೆ ಬೀಸಿ ಜುಬೀರನ ಪಕ್ಕೆಲುಬಿಗೆ ಗುದ್ದುತ್ತಿದ್ದ. ಎರಡನೆಯ ಒದೆತಕ್ಕೆ ಒಳಗೇನೋ ಮುರಿದ ಸದ್ದು ಜುಬೀರನಿಗೇ ಕೇಳಿಸಿತು. ಬಾಯಿಗೆ ರಕ್ತದ ರುಚಿ ಬಂತು. ಅವನು ತಿರುಗಿ ಒದೆಯಲಿಲ್ಲ. ಹದಿನಾರನೆಯದಕ್ಕೆ ಗದ್ದ ದಾಟಿಸಿ, ಬಂಡೆಯ ಕಡೆ ನೋಡದೆ, ಚಳಿಗಾಲದಲ್ಲಿ ಕಲಿತಂತೆ ಇಂಚಿಂಚಾಗಿ ಇಳಿದ. ಮೆರುವಾನನ ಗದ್ದ ಕಂಬಿಯ ಕೆಳಗೇ ನಿಂತಿತು.

“ಅರ್ಧ,” ಎಂದ ಬೆಲಾಯಿದ್. “ಲೆಕ್ಕಕ್ಕಿಲ್ಲ.”

ಮೆರುವಾನ್ ಮತ್ತೆ ಎಳೆದ. ಮತ್ತೆ ಅರ್ಧ. ಬೆವರಿಗೆ ಕಂಬಿ ಒದ್ದೆಯಾಗಿತ್ತು. ಮೊದಲು ಅವನ ಎಡಗೈ ಜಾರಿತು, ಬಲಗೈ ಹಿಂಬಾಲಿಸಿತು.

ಅವನು ಬೀಳುವುದನ್ನು ನೋಡಲೆಂದೇ ಜುಬೀರ್ ಅಷ್ಟು ತಿಂಗಳು ಚರ್ಮ ಸುಲಿಸಿಕೊಂಡಿದ್ದ. ಆದರೆ ಅವನ ಬಲಗೈ ಕಂಬಿ ಬಿಟ್ಟು ಕೆಳಗೆ ಚಾಚಿ, ಬೀಳುತ್ತಿದ್ದ ಮಣಿಕಟ್ಟನ್ನು ಕಚ್ಚಿಕೊಂಡಿತು. ಹಿಡಿದವನು ಅವನಲ್ಲ, ಕೈ ಹಿಡಿದಿತ್ತು. ಎಷ್ಟೋ ನಿದ್ದೆಗಳಲ್ಲಿ ಅದು ಮಾಡಿ ರೂಢಿಯಾದ ಕೆಲಸ.

ಎಡಗೈ ಮೇಲೆ, ಬಲಗೈ ಕೆಳಗೆ, ನಡುವೆ ಎರಡು ಮೈಗಳ ಭಾರ. ಜುಬೀರ್ ಎಳೆದ. ಹದಿನಾರು ಎಳೆದು ದಣಿದ ತೋಳೇನೋ ನಿಜ. ಆದರೆ ತೋಳಿನ ಅಳತೆ ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಕೈಗಳಿಂದ ಒಬ್ಬನನ್ನು ಎತ್ತುವುದು ಒಂದು ಲೆಕ್ಕ; ಒಂದೇ ಕೈಯಿಂದ ಇಬ್ಬರನ್ನು ಎತ್ತುವುದು ಅದರ ನಾಲ್ಕರಷ್ಟು. ದಣಿಯದಿದ್ದರೂ ಆಗದು. ಇನ್ನೂ ಹತ್ತು ಚಳಿಗಾಲ ನೇತಾಡಿದರೂ ಆಗದು. ಈ ಕಡಲದಂಡೆಯಲ್ಲಿ ಇದನ್ನು ಮಾಡಬಲ್ಲ ಗಂಡಸು ಹುಟ್ಟಿಲ್ಲ.

ಬೆಲಾಯಿದ್ ಬಗ್ಗಿ ಜುಬೀರನ ಎಡ ಮಣಿಕಟ್ಟನ್ನು ಹಿಡಿದ. ಅಷ್ಟರಲ್ಲಿ ನಾಲ್ವರು ಓಡಿ ಬಂದರು. ಇಬ್ಬರು ಜುಬೀರನ ತೋಳಿಗೆ ಕೈಹಾಕಿ ಎಳೆದರು. ಇನ್ನಿಬ್ಬರು ಮೆರುವಾನನ ಭುಜ ಕೈಗೆಟುಕಿದ್ದೇ ಎತ್ತಿಕೊಂಡರು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ಇಬ್ಬರೂ ರಸ್ತೆಯ ಕಲ್ಲಿನ ಮೇಲಿದ್ದರು.

ಜುಬೀರ್ ಪಕ್ಕೆ ಹಿಡಿದು ಎದ್ದು ಕುಳಿತು ಆ ಎಂಟು ಕೈಗಳನ್ನು ನೋಡಿದ. “ಇಷ್ಟೇನಾ?” ಎಂದ. “ಅವತ್ತೂ ಇಲ್ಲೇ ನಿಂತಿದ್ರಲ್ಲ. ಏನಾಗಿತ್ತು ಈ ಕೈಗಳಿಗೆ?”

ತಾಹರ್ ನೆಲ ನೋಡಿದ. ಉತ್ತರಿಸಿದವನು ಮೆರುವಾನ್. ಮಲಗಿದಲ್ಲಿಂದಲೇ, ಏದುಸಿರಿನ ನಡುವೆ ನಕ್ಕ.

“ತಮ್ಮನ್ನ ಬಿಟ್ಟ, ನನ್ನ ಹಿಡ್ಕೊಂಡ. ದೊಡ್ಡ ಮನಸ್ಸು ಖೂಯಾ ನಿಂದು.”

ಜುಬೀರ್ ಅವನ ಎದೆಯ ಮೇಲೆ ಕುಳಿತು ಹೊಡೆದ. ಮೊದಲ ಗುದ್ದಿಗೆ ನಗು ನಿಂತಿತು, ಮುಂದಿನದಕ್ಕೆ ಮೂಗು ಮುರಿಯಿತು. ಲಿಯಾಸ್ ಸೀಳಿದ್ದ ತುಟಿ ಅದೇ ಗೆರೆಯಲ್ಲಿ ಮತ್ತೆ ಬಿಚ್ಚಿಕೊಂಡಿತು. ಮೆರುವಾನ್ ಕೈ ಅಡ್ಡ ತಂದ. ಕಂಬಿಯಲ್ಲಿ ಸೋತ ಕೈಗಳಲ್ಲಿ ಬಲವಿರಲಿಲ್ಲ. ಅವನು ತಲೆ ಹೊರಳಿಸಿ ತನ್ನವರನ್ನು ನೋಡಿದ, ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಇನ್ನೊಂದು ಗುದ್ದಿಗೆ ಕೈ ಎತ್ತಿದ ಜುಬೀರನೂ ಅತ್ತ ನೋಡಿದ. ನಾಲ್ವರೂ ಕೈಕಟ್ಟಿ ನಿಂತಿದ್ದರು. ಅಂದು ಲಿಯಾಸನನ್ನು ನೋಡುತ್ತಾ ನಿಂತಿದ್ದದ್ದು ಹೀಗೆಯೇ.

ಎತ್ತಿದ ಕೈ ಇಳಿಯಿತು. ಜುಬೀರ್ ಎದ್ದು, ಅವರ ನಡುವೆಯೇ ನಡೆದು ಹೋದ. ಬೆಲಾಯಿದ್ ಅಂಗಿ ಹಿಡಿದು ಹಿಂದೆ ಬಂದ.

“ಒಂದು ಕೈಲಿ ಆಗಲ್ಲ, ಶೇಖ್,” ಎಂದ ಜುಬೀರ್.

“ಯಾರ ಕೈಲೂ ಆಗಲ್ಲ.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ಸೊನ್ನೆ ಎಳೆಯೋನಿಗೆ ಹೇಳಿದ್ರೆ, ಸಮಾಧಾನ ಹೇಳ್ತಾನೆ ಮುದುಕ ಅಂತಿದ್ದೆ ನೀನು.”

ಜುಬೀರ್ ಅಂಗಿ ತೊಟ್ಟು ಮನೆಗೆ ನಡೆದ. ಮಸೀದಿ ಬಿಟ್ಟಿತ್ತು, ಮೆಟ್ಟಿಲುಗಳ ಉದ್ದಕ್ಕೂ ಕುಸ್‌ಕುಸ್‌ನ ಹಬೆ. ತಾಯಿ ದೊಡ್ಡ ತಟ್ಟೆಯ ಮುಂದೆ ಒಬ್ಬಳೇ ಕುಳಿತಿದ್ದಳು. ಅವನು ಅವಳ ಎದುರಿಗೆ, ಲಿಯಾಸ್ ಕೂರುತ್ತಿದ್ದ ಜಾಗದ ಪಕ್ಕದಲ್ಲಿ, ನೋವಿಗೆ ಹಲ್ಲು ಕಚ್ಚಿ ಕುಳಿತ.

“ಯೆಮ್ಮಾ, ಅವತ್ತು ನನ್ನ ಕೈ ಸೋತಿದ್ದು ನಿಜ. ಆದ್ರೆ ಅಲ್ಲಿ ಯಾವ ಕೈಯೂ ಗೆಲ್ತಿರಲಿಲ್ಲ. ಇನ್ನೂ ಎಂಟು ಕೈ ಬೇಕಿತ್ತು. ಎಂಟೂ ಅಲ್ಲೇ ಇದ್ವು.”

ತಾಯಿ ಅವನ ಬಲಗೈಯನ್ನು ನೋಡಿದಳು. ಬೆರಳ ಗೆಣ್ಣುಗಳ ಮೇಲೆ ಮೆರುವಾನನ ರಕ್ತ ಒಣಗಿತ್ತು. ಅವಳು ಒಂದು ಚಮಚವನ್ನು ತಲೆವಸ್ತ್ರದ ಅಂಚಿನಿಂದ ಒರೆಸಿ ತಟ್ಟೆಯ ಅವನ ಬದಿಗೆ ಇಟ್ಟಳು.

“ಮೊದ್ಲು ಕೈ ತೊಳ್ಕೊಂಡು ಬಾ,” ಎಂದಳು.