ಕವರಿನ ಕೆಳಗೆ ಹೋದ ಬೆಲ್ಟು

ನಾನು ಕಾರಿನ ಸೀಟಿಗೆ ಕವರ್ ಹೊಲಿಯುವವನು. ಈಗ ಆಫೀಸು, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಕಾರೇ ಬೇಕು, ಎಲ್ಲರಿಗೂ ಅವಸರ. ಒಂದು ಬೆಳಿಗ್ಗೆ ನಮ್ಮ ಬೀದಿಯ ನರ್ಸಮ್ಮನೂ ಹೊಸ ಕವರ್ ಹಾಕಿಸಿದ್ದ ತಮ್ಮ ಕಾರು ಒಯ್ಯಲು ಬಂದು ಅಂಗಡಿ ಮುಂದೆ ಚಡಪಡಿಸುತ್ತಿದ್ದರು. ಡ್ಯೂಟಿಗೆ ಹೊತ್ತಾಗಿತ್ತು, ಜೊತೆಗೆ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಬೇಕಿತ್ತು.

ಅತ್ತೆ ಹಿಂದೆ ಕುಳಿತರು. ನರ್ಸಮ್ಮ ಸೀಟಿನ ಸಂದಿಯಲ್ಲಿ ಕೈ ಆಡಿಸಿದರು.

“ಅಣ್ಣಾ, ಬೆಲ್ಟ್ ಸಿಕ್ಕಿಸೋ ಬಕಲ್ ಎಲ್ಲಿ?”

“ಕವರ್ ಒಳಗಿದೆಯಮ್ಮ. ಹಿಂದೆ ಯಾರು ಹಾಕ್ತಾರೆ? ಮೇಲಿದ್ರೆ ಚುಚ್ಚುತ್ತೆ. ನಾನು ಎಲ್ಲ ಕಾರಿಗೂ ಹೀಗೇ ಹೊಲಿಯೋದು.”

“ಎಲ್ಲ ಕಾರಿಗೂನಾ?” ಅವರ ಮುಖ ಕೆಂಪಾಯಿತು. “ನಮ್ಮ ವಾರ್ಡಿಗೆ ಬರೋರಲ್ಲಿ ಹಿಂದೆ ಕೂತಿದ್ದವರೂ ಇರ್ತಾರೆ ಅಣ್ಣಾ. ಡಿಕ್ಕಿಯಾಗಿ ಕಾರು ನಿಂತ್ರೂ ಒಳಗಿರೋರು ಅದೇ ಸ್ಪೀಡಲ್ಲಿ ಮುಂದಕ್ಕೆ ಹಾರ್ತಾರೆ. ಮುಂದೆ ಕೂತೋರ ಮೇಲೆ ಬೀಳ್ತಾರೆ. ಇಬ್ಬರಿಗೂ ಏಟು.”

“ಅಯ್ಯೋ, ಇಷ್ಟು ವರ್ಷ ಸೊಸೆ ಮೇಲೆ ಬೀಳದೆ ಸುಮ್ಮನಿದ್ದೀನಿ, ಈಗ್ಯಾಕಪ್ಪಾ?” ಎಂದರು ಅತ್ತೆ. “ಬೇಗ ಅದನ್ನ ಹೊರಗೆ ತೆಗಿ.”

ನನಗೆ ನಗು ಬರಲಿಲ್ಲ. ನನ್ನ ಹೆಂಡತಿ ಮತ್ತು ಕಾಲೇಜಿಗೆ ಹೋಗುವ ಮಗಳು ಆಗಷ್ಟೇ ಬಾಮೈದನ ಕಾರಿನಲ್ಲಿ ಹಿಂದೆ ಕೂತು ಹೆದ್ದಾರಿ ಹಿಡಿದಿದ್ದರು. ಆ ಕಾರಿಗೂ ಕವರ್ ಹೊಲಿದವನು ನಾನೇ.

ಹೆಂಡತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕತ್ತರಿ ಹಿಡಿದು ನರ್ಸಮ್ಮನ ಹೊಸ ಕವರನ್ನು ಸೀಳಿ ಬಕಲ್ ಹೊರತೆಗೆದೆ. ಮತ್ತೆ ಫೋನ್ ಮಾಡಿದೆ. ಊಹೂಂ. ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ನರ್ಸಮ್ಮ ಡ್ಯೂಟಿ ಮರೆತು ನನ್ನ ಪಕ್ಕದಲ್ಲೇ ನಿಂತಿದ್ದರು. ನಾಲ್ಕನೇ ಸಲಕ್ಕೆ ಹೆಂಡತಿ ಎತ್ತಿದಳು.

“ಏನ್ರೀ ನಿಮ್ಮ ಗೋಳು? ಮಗಳು ಸೀಟಿನ ಮೇಲೆ ಕಾಲು ಚಾಚ್ಕೊಂಡು ಮಲಗಿದಾಳೆ.”

“ಎಬ್ಬಿಸು! ಕಾರು ಪಕ್ಕಕ್ಕೆ ನಿಲ್ಲಿಸೋಕೆ ಹೇಳು. ಹಿಂದಿನ ಸೀಟಿನ ಕವರ್ ಹರಿದು ಬಕಲ್ ತೆಗಿ. ಇಬ್ಬರೂ ಬೆಲ್ಟ್ ಹಾಕ್ಕೊಳ್ಳಿ.”

“ಹೊಸಾ ಕವರು ಕಣ್ರೀ! ಎಷ್ಟು ಚೆನ್ನಾಗಿ ಹೊಲಿದಿದ್ದೀರಿ…”

“ಬೀಗದ ಕೈಯಿಂದಾದ್ರೂ ಸರಿ, ಹರಿಯೇ ಅಂದ್ನಲ್ಲ!”

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಪರ್ರನೆ ಸದ್ದು ಕೇಳಿಸಿತು. ನನ್ನ ಹೊಲಿಗೆ ಹರಿದದ್ದಕ್ಕೆ ನಾನು ಖುಷಿಪಟ್ಟದ್ದು ಅದೇ ಮೊದಲು. “ಹಾಕ್ಕೊಂಡ್ವಿ, ಇಬ್ರೂ” ಎಂದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಈಗ ನೀವು ಏಳಿ. ನಿಮ್ಮ ಕಾರಿನ ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ ನೋಡಿ. ಬಕಲ್ ಸಿಗದಿದ್ದರೆ ಕವರ್ ಹರಿಯಿರಿ, ತಂದರೆ ನಾನು ಸರಿಮಾಡಿಕೊಡುತ್ತೇನೆ. ಹಿಂದೆ ಕೂತವರೆಲ್ಲ ಬೆಲ್ಟ್ ಹಾಕಿದ ಮೇಲೆಯೇ ಗಾಡಿ ಸ್ಟಾರ್ಟ್ ಮಾಡಿ.