ಹೆಬ್ಬೆರಳ ಬುಡದ ಪುಟ್ಟ ಮೂಳೆ

ಅಂಗಡಿಯ ಒದ್ದೆ ಮೆಟ್ಟಿಲಲ್ಲಿ ಜಾರಿ, ಟೈಲರಮ್ಮ ಬಲಗೈ ಊರಿ ಬಿದ್ದಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, "ಬಿರುಕು ಕಾಣಿಸ್ತಿಲ್ಲ" ಎಂದರು. ಆದರೂ ಹೆಬ್ಬೆರಳನ್ನೂ ಸೇರಿಸಿ ಪ್ಲಾಸ್ಟರ್ ಪಟ್ಟಿ ಕಟ್ಟಿದರು. ಹತ್ತು ದಿನ ಬಿಟ್ಟು ಮತ್ತೆ ಎಕ್ಸ್‌ರೇಗೆ ಬರಲು ಹೇಳಿದರು.

ಅತ್ತೆಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

"ಏನೂ ಇಲ್ಲ ಅಂತಾರೆ, ಕಟ್ಟೂ ಹಾಕ್ತಾರೆ. ಎರಡರಲ್ಲಿ ಒಂದು ಸುಳ್ಳು. ಮೂಳೆ ಕೂರಿಸೋನ ಹತ್ರ ಹೋಗಿದ್ರೆ ಲಟಕ್ ಅನಿಸಿ ಕಳಿಸಿರೋನು."

ಟೈಲರಮ್ಮನಿಗೂ ನಂಬಿಕೆ ಇರಲಿಲ್ಲ. ನಾಲ್ಕೇ ದಿನದಲ್ಲಿ ಬಾವು ಇಳಿದಿತ್ತು. ಕತ್ತರಿಸಬೇಕಾದ ಬಟ್ಟೆ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ಐದನೆಯ ದಿನ ಎಡಗೈಯಲ್ಲಿ ಕತ್ತರಿ ಹಿಡಿದು, ಬಿಗಿಯಾದ ಅಂಗಿಯ ಕಂಕುಳು ಬಿಚ್ಚುವ ಹಾಗೆ, ಹೆಬ್ಬೆರಳ ಸುತ್ತಲಿನ ಪಟ್ಟಿಯನ್ನು ಬಿಚ್ಚಿಬಿಟ್ಟಳು.

ಸಂಜೆ ಬಟ್ಟೆ ಕೊಡಲು ಬಂದ ಪಕ್ಕದ ಮನೆಯ ನರ್ಸ್ ಅದನ್ನು ನೋಡಿದರು.

"ಇದೇನೇ, ಪ್ಲಾಸ್ಟರನ್ನೂ ಆಲ್ಟರ್ ಮಾಡ್ಬಿಟ್ಯಾ?"

"ಬೆರಳು ಆಡ್ತಿರ್ಲಿಲ್ಲ ಅಕ್ಕ."

"ಆಡಬಾರದು ಅಂತಾನೇ ಕಟ್ಟಿದ್ದು!"

"ನಿಮ್ಮ ಆಸ್ಪತ್ರೆಯವರನ್ನ ನೀವು ಬಿಟ್ಟುಕೊಡ್ತೀರಾ?" ಅತ್ತೆ ಒಳಗಿನಿಂದಲೇ ಚುಚ್ಚಿದರು.

"ನನ್ನನ್ನ ನಂಬಬೇಡಿ ಅಮ್ಮ, ನಿಮ್ಮ ಬೆರಳನ್ನ ನಂಬಿ. ಬನ್ನಿ. ಹೆಬ್ಬೆರಳು ಮೇಲೆತ್ತಿ. ಬುಡದಲ್ಲಿ ಗುಳಿ ಬಿತ್ತಾ? ಒತ್ತಿ. ನೋವಿದೆಯಾ?"

"ಇಲ್ಲ."

"ಈಗ ಸೊಸೇದು. ಮೆಲ್ಲಗೆ."

"ಅಯ್ಯೋ!" ಟೈಲರಮ್ಮ ಕೂಗಿಕೊಂಡಳು. ಅತ್ತೆ ಕೆಂಡ ಮುಟ್ಟಿದವರಂತೆ ಕೈ ಹಿಂದೆಗೆದರು.

"ಮೊಣಕೈ ಬಾಗಿಲ ತಿರುಗಣಿ ಇದ್ದ ಹಾಗೆ, ಒಂದೇ ಕಡೆ ಮಡಚುತ್ತೆ," ಎಂದರು ನರ್ಸ್. "ಭುಜ ಬಟ್ಟಲಲ್ಲಿ ಗುಂಡು ಇಟ್ಟ ಹಾಗೆ, ಸುತ್ತಲೂ ತಿರುಗುತ್ತೆ. ಮಣಿಕಟ್ಟಲ್ಲಿ ಎಂಟು ಪುಟ್ಟ ಮೂಳೆ ಒತ್ತೊತ್ತಾಗಿ ಕೂತಿವೆ. ಗಟ್ಟಿ ನಾರುಗಳು ಅವನ್ನ ಹೊಲಿದು ಹಿಡಿದಿವೆ. ಈ ಗುಳಿಯ ಕೆಳಗಿನ ಮೂಳೆ ಸೀಳಿದ್ರೆ ಮೊದಲ ದಿನದ ಎಕ್ಸ್‌ರೇಗೆ ಸಿಗದೇ ಇರಬಹುದು. ದಿನ ಕಳೆದ ಮೇಲೆ ಗೆರೆ ಕಾಣುತ್ತೆ. ಆ ಮೂಳೆಗೆ ರಕ್ತ ಹೋಗೋದೇ ಕಮ್ಮಿ. ಅಲುಗಾಡಿಸ್ತಿದ್ರೆ ಕೂಡದೇ ಹೋಗಬಹುದು."

"ಮೂಳೆ ಕೂರಿಸೋನ ಹತ್ರ ಎಳೆಸಿದ್ರೆ?" ಅತ್ತೆಯ ದನಿ ಇಳಿದಿತ್ತು.

"ಕೀಲು ಜಾರಿದೆಯೋ ಮೂಳೆ ಒಡೆದಿದೆಯೋ ನೋಡದೆ ಎಳೆದ್ರೆ ಬಿರುಕು ಬಾಯಿ ಬಿಡುತ್ತೆ. ಆಮೇಲೆ ಇವಳು ಕತ್ತರಿ ಹಿಡಿದ ಹಾಗೇ!"

ಅಂದೇ ಹೊಸ ಪ್ಲಾಸ್ಟರ್ ಬಿತ್ತು. ಹತ್ತನೆಯ ದಿನದ ಎಕ್ಸ್‌ರೇಯಲ್ಲಿ ಪುಟ್ಟ ಮೂಳೆಯ ನಡುವೆ ನೂಲೆಳೆಯಂಥ ಕಪ್ಪು ಗೆರೆ ಕಂಡಿತು. "ಇದು ಇವಳದ್ದೇ ತಾನೇ?" ಎಂದು ಅತ್ತೆ ಅದರ ಮೇಲಿನ ಹೆಸರನ್ನು ಎರಡು ಸಲ ಓದಿಸಿದರು.

ಈಗ ಮನೆಯ ಕತ್ತರಿಗಳೆಲ್ಲ ಅತ್ತೆಯ ಪೆಟ್ಟಿಗೆಯಲ್ಲಿವೆ. ಬೀಗದ ಕೈ ಅವರ ದಿಂಬಿನಡಿ.

ನೀವೂ ಕೈಯೂರಿ ಬಿದ್ದಿದ್ದೀರಾ? ಆ ಗುಳಿ ಒತ್ತಿದರೆ ನೋಯುತ್ತದೆಯೇ? ಬಾವು ಇಳಿದಿದ್ದರೂ ಆಸ್ಪತ್ರೆಗೆ ಹೋಗಿ. ತಿಕ್ಕಿಸಬೇಡಿ, ಎಳೆಸಬೇಡಿ. ಮತ್ತೆ ಬನ್ನಿ ಎಂದರೆ ತಪ್ಪದೆ ಹೋಗಿ. ಅನುಮಾನ ಇರಲಿ, ಕೇಳಿ ತಿಳಿದುಕೊಳ್ಳಿ. ಆದರೆ ಎಲ್ಲಕ್ಕಿಂತ ಮೊದಲು, "ನನಗೇನೂ ಆಗಿಲ್ಲ" ಎನ್ನುವ ನಿಮ್ಮದೇ ಮಾತನ್ನು ಅನುಮಾನಿಸಿ.